ನಡುಕ ಆರಿಸಿದ ದಿನ

ವಿಶ್ವನಾಥನಿಗೆ ಆ ಗೆರೆ ಹಿಡಿಸಲಿಲ್ಲ. ಭೂಕಂಪವೇನೋ ಅಚ್ಚುಕಟ್ಟಾಗಿ ಮೂಡಿತ್ತು. ಅದರ ಆಚೀಚೆ, ಸುಮ್ಮನಿರಬೇಕಾದ ಕಡೆಯಲ್ಲೂ ಗೆರೆ ಚಳಿಗೆ ಕೂತ ಮುದುಕನ ಗದ್ದದ ಹಾಗೆ ಸಣ್ಣಗೆ ನಡುಗುತ್ತಿತ್ತು.

ಲಂಡನ್ನಿನ ಹೇಸ್‌ನ ಆ ಕಚೇರಿಯಲ್ಲಿ ಅವನ ಕೆಲಸ ಇಷ್ಟು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಭೂಮಿ ಅಲುಗಿದ್ದನ್ನೆಲ್ಲ ಯಂತ್ರವೊಂದು ಗೆರೆಯಾಗಿ ಎಳೆದಿಟ್ಟಿತ್ತು. ಆ ಹಳೆಯ ಸುರುಳಿಗಳನ್ನು ಎಂದೋ ಫಿಲ್ಮಿಗೆ ಇಳಿಸಿದ್ದರು; ಆ ಫಿಲ್ಮಿನ ಫೋಟೋ ಪರದೆಯ ಮೇಲೆ ಬರುತ್ತದೆ. ಗೆರೆಯ ಮೇಲೆ ಮೌಸ್ ಆಡಿಸಿ ಅದನ್ನು ಅಂಕಿಗಳಾಗಿಸಬೇಕು. ಆಗಿನ ಗಡಿಯಾರ ಹಿಂದೆ ಬಿದ್ದಿದ್ದರೆ ಹೊತ್ತು ತಿದ್ದಬೇಕು, ಯಂತ್ರದ ಮುಳ್ಳು ಓರೆಯಾಗಿ ಎಳೆದದ್ದನ್ನು ನೇರ ಮಾಡಬೇಕು. "ಕಂಡಿದ್ದನ್ನೆಲ್ಲ ಎಳೀರಿ, ನಿಮ್ಮ ಬುದ್ಧಿ ಸೇರಿಸ್ಬೇಡಿ" ಎಂದು ಮೇಲ್ವಿಚಾರಕಿ ಸಿರಿಶಾ ಮೊದಲ ದಿನವೇ ಹೇಳಿದ್ದಳು.

ಇದಕ್ಕೆ ಮುಂಚೆ ಅವನು ಪಾರ್ಕ್ ರಾಯಲ್‌ನ ಕೋಲ್ಡ್ ಸ್ಟೋರೇಜಿನಲ್ಲಿ ಬಟಾಣಿ ಚೀಲ ಹೊರುತ್ತಿದ್ದ. ಬೆರಳು ಮರಗಟ್ಟಿ, ಮನೆಗೆ ಬಂದರೆ ರೊಟ್ಟಿ ಮುರಿಯಲೂ ಹೆಂಡತಿ ವತ್ಸಲಾಳನ್ನು ಕರೆಯಬೇಕಾಗುತ್ತಿತ್ತು. ಈಗಿನದು ತಾತ್ಕಾಲಿಕ ಕೆಲಸ. ಇವತ್ತು ಈ ಕೆಲಸ ಮಾಡಿಸುತ್ತಿರುವ ವಿಶ್ವವಿದ್ಯಾಲಯದ ಪ್ರೊಫೆಸರಮ್ಮ ಬಂದು ನೋಡಿ ಒಪ್ಪಿದರೆ ಕಾಯಂ, ಇಲ್ಲವಾದರೆ ಮತ್ತೆ ಬಟಾಣಿ.

ವತ್ಸಲಾಳಿಗೆ ಮಾತ್ರ ಅನುಮಾನವೇ ಇರಲಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟುತ್ತ ಹೇಳಿದ್ದಳು: "ನಿಮ್ಮ ಆ ಕೋಲ್ಡ್ ಸ್ಟೋರೇಜಿನ ದಪ್ಪ ಜಾಕೀಟ್ ಕಿಂಗ್ಸ್‌ಬರಿ ಚಾರಿಟಿ ಅಂಗಡಿಗೆ ಕೊಟ್ಟು ಬಂದೀನ್ರಿ. ತೋಳಿನ ಮ್ಯಾಲಿನ ಅರಿಶಿಣದ ಕಲೆ ತಿಕ್ಕಿ ತಿಕ್ಕಿ ತಗದು, ಹೊಸದರಂಗ ಮಾಡಿ ಕೊಟ್ಟೀನಿ. ಇನ್ನ ಅದರ ಮಾರಿ ನೋಡೂದು ಬ್ಯಾಡ."

ಸಿರಿಶಾ ಪ್ರೊಫೆಸರಮ್ಮನನ್ನು ಕರೆತರಲು ಹೋಗಿದ್ದಳು. ಹಾಗಾಗಿ ಆ ನಡುಕದ ವಿಚಾರ ಪಕ್ಕದ ಮೇಜಿನವರ ಪಾಲಿಗೆ ಬಂತು. ಮೈಸೂರಿನ ರಾಮಪ್ರಸಾದರಿಗೆ ಲೋಕದಲ್ಲಿ ಕಾರಣ ಗೊತ್ತಿಲ್ಲದ ಸಂಗತಿಯೇ ಇರಲಿಲ್ಲ. ಕನ್ನಡಕ ಏರಿಸಿ ನೋಡಿ, "ಯಂತ್ರದ ಮನೆ ಪಕ್ಕ ಹಿಟ್ಟಿನ ಗಿರಣಿ ಇದ್ದಿರ್ಬೇಕು ಸ್ವಾಮಿ. ಗಿರಣಿ ಸದ್ದನ್ನ ಭೂಮಿ ತಾಯಿ ಹೆಸರಲ್ಲಿ ಕಳಿಸ್ತೀರಾ?" ಎಂದರು. ಬೆಳಗಾವಿ ಕಡೆಯ ದಾನಪ್ಪ, ಕರೆಯುವ ಮೊದಲೇ ಸಹಾಯಕ್ಕೆ ಬಂದು ನಿಲ್ಲುವವನು, ಇದು ಗಿರಣಿಯಲ್ಲ, ಮಾಳಿಗೆ ಮೇಲೆ ಯಾರೋ ಕುಣಿದದ್ದು ಎಂದ. ಅವನ ಫ್ಲಾಟಿನ ಮೇಲಿನವರು ದಿನವೂ ಕುಣಿಯುತ್ತಿದ್ದರು. ಯಾವುದಾದರೂ ಆಗಲಿ, ಅಳಿಸಬೇಕು ಎಂಬುದರಲ್ಲಿ ಇಬ್ಬರೂ ಒಂದಾದರು.

ವಿಶ್ವನಾಥ ಒಂದು ಗಳಿಗೆ ತಡೆದ. ನೋಡುತ್ತ ನೋಡುತ್ತ ಆ ನಡುಕ ಮಲಗಿದ ಕೂಸಿನ ಹೊಟ್ಟೆ ಏರಿಳಿದಂತೆ ಕಾಣತೊಡಗಿತ್ತು. ಭೂಮಿ ಎಂದೂ ಪೂರ್ತಿ ಸುಮ್ಮನಿರುವುದಿಲ್ಲವೇನೋ, ನಾವೇ ಹಾಗೆ ತಿಳಿದಿದ್ದೇವೇನೋ ಅನಿಸಿತು.

"ಮನಿಗೆ ಮಂದಿ ಬರೂ ಹೊತ್ತಿನಾಗ ಅಕ್ಕಿ ಆರಿಸದೆ ಅನ್ನಕ್ಕ ಇಡತೀರೇನ್ರಿ?" ಎಂದ ದಾನಪ್ಪ.

ಆ ಮಾತು ನಾಟಿತು. ವಿಶ್ವನಾಥ ಮೊರ ಹಿಡಿದು ಅಕ್ಕಿ ಆರಿಸುವ ಮನೆಯಲ್ಲಿ ಬೆಳೆದವನು. ಕಲ್ಲೇ ಇರದ ಲಂಡನ್ನಿನ ಪ್ಯಾಕೆಟ್ ಅಕ್ಕಿಯನ್ನೂ ತಾಟಿನಲ್ಲಿ ಹರವಿ ಕೈಯಾಡಿಸದೆ ಅವನಿಗೆ ಸಮಾಧಾನವಿಲ್ಲ. ಅತಿಥಿಯ ಹಲ್ಲಿಗೆ ಕಲ್ಲು ಸಿಕ್ಕರೆ ಮಾನ ಉಳಿಯುವುದೇ? ನಡುಕವನ್ನು ಆರಿಸಿ ಅಳಿಸತೊಡಗಿದ.

ಮೊದಲ ತುದಿ ಸ್ವಚ್ಛವಾದ ಮೇಲೆ ಉಳಿದದ್ದು ಕೊಳಕಾಗಿ ಕಂಡಿತು. ಈ ಸುರುಳಿ ಸ್ವಚ್ಛವಾದ ಮೇಲೆ, ಹಿಂದೆ ಮುಗಿಸಿಟ್ಟ ಸುರುಳಿಗಳೆಲ್ಲ ಇದರ ಪಕ್ಕದಲ್ಲಿ ಮದುವೆ ಮನೆಗೆ ಹೊಲದಿಂದ ಬಂದವರ ಹಾಗೆ ಕಂಡವು. ಮೂವರೂ ಸೇರಿ ಅವನ್ನೂ ತೆರೆದು ಆರಿಸಿದರು. ಊಟದ ಡಬ್ಬಿಗಳು ಮುಚ್ಚಿದಂತೆಯೇ ಉಳಿದವು. ಹುರುಪಿನಲ್ಲಿದ್ದ ದಾನಪ್ಪ ಒಂದು ಕಡೆ ಎಲ್ಲವನ್ನೂ ಒರೆಸಿಬಿಟ್ಟ; ಗೆರೆ ಅಳತೆಪಟ್ಟಿ ಇಟ್ಟು ಎಳೆದಂತಾಯಿತು.

"ಏನ್ ದಾನಪ್ಪ, ಒಂದು ಭೂಕಂಪಾನೇ ನಿಲ್ಲಿಸ್ಬಿಟ್ಯಲ್ಲಯ್ಯ" ಎಂದರು ರಾಮಪ್ರಸಾದರು.

"ಸಣ್ಣದಿತ್ತ್ರಿ" ಎಂದ ದಾನಪ್ಪ, ತಲೆ ಕೆರೆಯುತ್ತ.

ವಿಶ್ವನಾಥ ಬೆವರುತ್ತ ಆ ಭೂಕಂಪವನ್ನು ಮತ್ತೆ ತಂದು ಕೂರಿಸಿ, ಎಲ್ಲವನ್ನೂ ಸೇವ್ ಮಾಡುವ ಹೊತ್ತಿಗೆ ಬಾಗಿಲು ತೆರೆಯಿತು.

ಪ್ರೊಫೆಸರಮ್ಮ ತೆಳ್ಳನೆಯ ಬಿಳಿ ಹೆಂಗಸು. ಒಂದೊಂದೇ ಸುರುಳಿ ನೋಡಿದರು. ಮುಖದಲ್ಲಿ ಏನೂ ತಿಳಿಯಲಿಲ್ಲ. ಕೊನೆಗೆ ಸಿರಿಶಾಳತ್ತ ತಿರುಗಿ ಮೆಲ್ಲಗೆ ಏನೋ ಕೇಳಿದರು. ಸಿರಿಶಾಳ ಮುಖ ಸಪ್ಪಗಾಯಿತು.

"ಸಮುದ್ರ ಎಲ್ಲಿ ಅಂತ ಕೇಳ್ತಿದಾರೆ."

ಆಮೇಲೆ ತಿಳಿದದ್ದು ಇದು. ಭೂಕಂಪಗಳನ್ನು ಆಗಲೇ ಹತ್ತಾರು ಊರುಗಳ ಯಂತ್ರಗಳು ಬರೆದಿಟ್ಟಿದ್ದವು. ಆಕೆಗೆ ಬೇಕಾದದ್ದು ಅದಲ್ಲ. ಎಲ್ಲೋ ದೂರದಲ್ಲಿ ಬಿರುಗಾಳಿಗೆ ಎದ್ದ ಕಡಲು ದಡಕ್ಕೆ ಬಡಿದಾಗ ನೆಲವೆಲ್ಲ ಸಣ್ಣಗೆ ನಡುಗುತ್ತದೆ. ಆ ಕಾಲದ ಎಷ್ಟೋ ಬಿರುಗಾಳಿಗಳಿಗೆ ಉಳಿದಿರುವ ಸಾಕ್ಷಿ ಆ ನಡುಕವೊಂದೇ. ಅದಕ್ಕಾಗಿಯೇ ಈ ಸುರುಳಿಗಳನ್ನು ಹುಡುಕಿ ತೆಗೆಸಿದ್ದರು.

ಇದನ್ನು ಆರಿಸಿದವರು ಯಾರು ಎಂದು ಆಕೆ ಕೇಳಿದಾಗ ರಾಮಪ್ರಸಾದರು ಉದಾರಿಯಾದರು. "ಎಲ್ಲಾ ನಮ್ಮ ವಿಶ್ವನಾಥರದೇ. ನಾವು ಮುಟ್ಟೇ ಇಲ್ಲ." ದಾನಪ್ಪನಿಗೆ ಹಠಾತ್ತಾಗಿ ಹಸಿವಾಯಿತು, ಡಬ್ಬಿಯೊಳಗೆ ಮುಖ ಹಾಕಿದ.

ವಿಶ್ವನಾಥನ ಕಣ್ಣ ಮುಂದೆ ಬಟಾಣಿ ಚೀಲಗಳು ಸಾಲಾಗಿ ಬಂದು ನಿಂತವು. ಪ್ರೊಫೆಸರಮ್ಮ ಅವನನ್ನೇ ನೋಡಿ ನಿಧಾನವಾಗಿ ಮಾತಾಡಿದರು. ಕೇಳುತ್ತ ಕೇಳುತ್ತ ಸಿರಿಶಾಳ ಹುಬ್ಬು ಮೇಲೇರಿತು.

"ಭೂಕಂಪಕ್ಕೆ ಏಟಾಗದ ಹಾಗೆ ಇಷ್ಟು ಸಣ್ಣ ನಡುಕ ಒಂದೂ ಬಿಡದೆ ಹುಡುಕಿದಾರಲ್ಲ, ಈ ಕಣ್ಣು ನಂಗೆ ಬೇಕು ಅಂತಿದಾರೆ. ಎಲ್ಲಾ ಮತ್ತೆ ಎಳೀಬೇಕು. ಫೋಟೋದಲ್ಲಿ ಸಾಲದು, ಮೂಲ ಫಿಲ್ಮ್ ಪಕ್ಕದಲ್ಲೇ ಕೂತು. ಕೆಲಸ ಕಾಯಂ ಅಂತೆ ಸರ್."

ವಿಶ್ವನಾಥನಿಗೆ ಅಳುವೇ ಬಂತು. ಫಿಲ್ಮ್ ಎಲ್ಲಿದೆ ಎಂದು ಕೇಳಿದ.

"ಹಳೇ ಫಿಲ್ಮ್ ಅಲ್ವಾ, ಬೆಚ್ಚಗಿದ್ರೆ ಹಾಳಾಗತ್ತೆ. ಪಾರ್ಕ್ ರಾಯಲ್‌ನಲ್ಲಿ ಒಂದು ಕೋಲ್ಡ್ ಸ್ಟೋರೇಜಲ್ಲಿ ಇಟ್ಟಿದಾರೆ. ಹೊರಗೆ ತರೋ ಹಾಗಿಲ್ಲ. ನಾಳೆಯಿಂದ ಅಲ್ಲಿಗೇ ಹೋಗ್ಬೇಕು."

ಸಂಜೆ ವಿಶ್ವನಾಥ, ದಾನ ಬಂದ ಬಟ್ಟೆಗಳನ್ನು ಮಾರುವ ಕಿಂಗ್ಸ್‌ಬರಿಯ ಆ ಚಾರಿಟಿ ಅಂಗಡಿಗೆ ಓಡಿದ. ಪುಣ್ಯಕ್ಕೆ ಜಾಕೀಟು ಇನ್ನೂ ಮಾರಾಟವಾಗಿರಲಿಲ್ಲ. ಆದರೆ ಕೋಲ್ಡ್ ಸ್ಟೋರೇಜ್ ಬಿಟ್ಟವರು ಇನ್ನೊಬ್ಬರೂ ಇದ್ದರೇನೋ, ಅಂಥದ್ದೇ ಎರಡು ತೂಗಾಡುತ್ತಿದ್ದವು. ತನ್ನದು ಯಾವುದೆಂದು ಹೇಳಲು ಅರಿಶಿಣದ ಕಲೆ ಹುಡುಕಿದ. ತೋಳುಗಳನ್ನು ಬೆಳಕಿಗೆ ಹಿಡಿದ, ಉಜ್ಜಿದ, ಮೂಸಿಯೂ ನೋಡಿದ. ವತ್ಸಲಾ ಆರಿಸಿದ್ದರಲ್ಲಿ ಒಂದು ಕಲ್ಲೂ ಉಳಿದಿರಲಿಲ್ಲ.

ಒಂದನ್ನು ತೊಟ್ಟ. ತೋಳು ಮಣಿಕಟ್ಟು ಮುಟ್ಟದೆ ಮೇಲೆಯೇ ನಿಂತಿತು. ಸದ್ಯ, ತನ್ನದು ಯಾವುದೆಂದು ತಿಳಿಯಿತಲ್ಲ ಎಂದು ಇನ್ನೊಂದಕ್ಕೆ ಕೈ ಚಾಚಿದರೆ ಗೂಟ ಖಾಲಿ. ಗಲ್ಲಾದ ಬಳಿ ಉದ್ದನೆಯ ಮನುಷ್ಯನೊಬ್ಬ ಅದನ್ನು ತೊಟ್ಟು, ಕಲೆಯೇ ಇಲ್ಲದ ತೋಳು ಸವರಿಕೊಳ್ಳುತ್ತ ದುಡ್ಡು ಕೊಡುತ್ತಿದ್ದ.