ಖಾಲಿ ಇರಬಾರದ ಸೀಟು

"ಊರವರ ಹೊಲವನ್ನೆಲ್ಲ ಅಳೆದು ಗೆರೆ ಎಳೆದವನು ನಾನು. ಒಂದು ಸೀಟು ಕೂರಿಸಲಾರೆನೇ!" ಎಂದು ದೊನಾತೊ ಎದೆ ತಟ್ಟಿಕೊಂಡ. ಇಟಲಿಯ ಮತೇರಾ ಊರಿನ ಈ ಸರ್ವೇಯರ್ ಕಾರಿನಲ್ಲಿ ಕೂರಿಸುವ ಹದಿನೇಳು ಬಗೆಯ ಮಕ್ಕಳ ಸೀಟುಗಳ ಜಾತಕ ಜಾಲಾಡಿ, ಅಂಗಡಿಯವನಿಗೇ ಪಾಠ ಹೇಳಿ, ಕೊನೆಗೆ ಹದಿನೆಂಟನೆಯದನ್ನು ಕೊಂಡು ತಂದಿದ್ದ. ಹೆಂಡತಿ ರೊಸಾಲ್ಬಾಗೆ ಒಂಬತ್ತು ತಿಂಗಳು ತುಂಬಿತ್ತು.

ಅತ್ತೆ ಮಾದ್ದಲೇನಾ ಮಾತ್ರ ಸೀಟು ಕಂಡವರೇ ಶಿಲುಬೆ ಗುರುತು ಹಾಕಿಕೊಂಡರು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಬೇಡ ಅಂತ ಬಡ್ಕೊಂಡೆ, ಅಳಿಯಂದ್ರೇ. ಖಾಲಿ ತೊಟ್ಟಿಲು ಇಡಬಾರದು. ಬೇರೆ ಯಾರಾದ್ರೂ ಬಂದು ಮಲಗ್ತಾರೆ."

"ಇದು ತೊಟ್ಟಿಲಲ್ಲ ಅತ್ತೆ, ಸೀಟು!"

"ಹಾಗಾದ್ರೆ ಬಂದು ಕೂತ್ಕೋತಾರೆ."

ದೊನಾತೊ ಹೊಟ್ಟೆ ಹಿಡಿದು ನಕ್ಕ. ಮಂಡಿಯೂರಿ, ಬೆಲ್ಟು ಎಳೆದು, ಬೆರಳು ಜಜ್ಜಿಕೊಂಡು, ಎರಡು ಗಂಟೆಯ ಮಹಾಯುದ್ಧದ ನಂತರ ಸೀಟನ್ನು ಕಾರಿನ ಹಿಂಬದಿಯಲ್ಲಿ ಹಿಮ್ಮುಖವಾಗಿ ಕೂರಿಸಿಯೇಬಿಟ್ಟ! ಮಗುವನ್ನು ಕಾರಿನಲ್ಲಿ ಮರೆತು ಇಳಿದರೆ ಫೋನಿನಲ್ಲಿ ಕೂಗುವ ಸೆನ್ಸರ್ ತಟ್ಟೆಯೊಂದು, ಕಾನೂನಿನ ಪ್ರಕಾರ, ಅದರ ತಳದಲ್ಲಿತ್ತು. ಅಪ್ಪ ಓಗೊಡದಿದ್ದರೆ ಅಮ್ಮನಿಗೆ ಸುದ್ದಿ ಹೋಗುತ್ತಿತ್ತು.

ಮರುದಿನ ಮಧ್ಯಾಹ್ನ ಅವನು ಊರಾಚೆಯ ಆಲಿವ್ ತೋಪಿಗೆ ಅಳತೆಗೆಂದು ಹೋದ. ಊಟ ಮುಗಿಸಿ ಇಡೀ ಊರು ಕಿಟಕಿ ಮುಚ್ಚಿ ಮಲಗಿದ ಹೊತ್ತು. ಒಂದು ಹಕ್ಕಿಯೂ ಉಸಿರೆತ್ತುತ್ತಿರಲಿಲ್ಲ. ಇಪ್ಪತ್ತು ಹೆಜ್ಜೆ ನಡೆದಿದ್ದನೋ ಇಲ್ಲವೋ, ಫೋನು ಕಿರುಚಿತು.

"ಮಗು ಕಾರಿನಲ್ಲೇ ಇದೆ!"

ಹಿಂತಿರುಗಿ ಗಾಜಿನಲ್ಲಿ ಇಣುಕಿದ. ಸೀಟಿನಲ್ಲಿ ಯಾರೂ ಇರಲಿಲ್ಲ. ಆದರೆ ನಿನ್ನೆ ತಾನೇ ಬಿಚ್ಚಿಟ್ಟಿದ್ದ ಎದೆಯ ಬೆಲ್ಟು ಈಗ ಬಿಗಿಯಾಗಿ ಹಾಕಿತ್ತು. ದೃಷ್ಟಿ ತಾಗದಿರಲೆಂದು ಊರ ಮುದುಕರು ಮಾಡುವಂತೆ ಜೇಬಿನೊಳಗಿನ ಕಬ್ಬಿಣದ ಬೀಗದಕೈ ಮುಟ್ಟಿಕೊಂಡ. ಸದ್ಯ, ಯಾರೂ ನೋಡಲಿಲ್ಲ! ಮತ್ತೆ ಹೊರಟ. ಫೋನು ಮತ್ತೆ ಕಿರುಚಿತು. ಗಾಬರಿಯಲ್ಲಿ ಅದು ಕೈಜಾರಿ ಹುಲ್ಲಿಗೆ ಬಿತ್ತು. ಹುಡುಕಿ ಎತ್ತಿಕೊಳ್ಳುವಷ್ಟರಲ್ಲಿ ರೊಸಾಲ್ಬಾಳ ಕರೆ.

"ಮಗೂನ ಕಾರಲ್ಲಿ ಬಿಟ್ಟು ಹೋಗಿದೀಯಂತೆ. ಮೆಸೇಜ್ ಬಂತು."

"ಮಗು ನಿನ್ನ ಹೊಟ್ಟೇಲಿದೆ ಕಣೇ!"

ರೊಸಾಲ್ಬಾಳ ದನಿ ಇಳಿಯಿತು.

"ಬೆಳಗ್ಗೆಯಿಂದ ಅದು ಒಂದ್ಸಲಾನೂ ಒದ್ದಿಲ್ಲ ಕಣೋ."

ದೊನಾತೊ ಕಾರು ಓಡಿಸಿದ ಬಗೆ ಆ ದೇವರಿಗೇ ಪ್ರೀತಿ. ಕನ್ನಡಿ ನೋಡುವ ಧೈರ್ಯವಿರಲಿಲ್ಲ. ತಿರುವು ಬಂದಾಗಲೆಲ್ಲ ಹಿಂದೆ ಯಾರೋ ಮಗ್ಗುಲು ಬದಲಿಸಿದ ಹಾಗೆ ಸರಕ್ಕೆನ್ನುತ್ತಿತ್ತು. "ಬಂದ್ವಿ ಪುಟ್ಟ, ಇನ್ನೇನು ಬಂದೇಬಿಟ್ವಿ" ಎಂದು ತಾನೇ ಹೇಳುತ್ತಿರುವುದು ಕೇಳಿ ಅವನಿಗೆ ಅಳು ಬಂತು.

ರೊಸಾಲ್ಬಾ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಮಾದ್ದಲೇನಾ ನೆಟ್ಟಗೆ ಕಾರಿಗೆ ಹೋಗಿ, ಸೀಟಿನ ಮೆತ್ತೆ ಎತ್ತಿ, ಚಪ್ಪಟೆಯಾದ ಬಟ್ಟೆಚೀಲವೊಂದನ್ನು ಹೊರಗೆಳೆದರು.

"ಎರಡು ಕಿಲೊ ಕಲ್ಲುಪ್ಪು. ಖಾಲಿ ಇರಬಾರದು ಅಂತ ನಿನ್ನೆ ಸಂಜೆ ನಾನೇ ಇಟ್ಟೆ. ಜಾರದ ಹಾಗೆ ಬೆಲ್ಟೂ ಹಾಕಿದೆ."

"ಅತ್ತೇಏಏ!"

ಆ ಕೂಗಿಗೆ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ರೊಸಾಲ್ಬಾ ಬೆಚ್ಚಿಬಿದ್ದಳು.

"ಅಯ್ಯೋ, ಒದೀತು! ಅಮ್ಮಾ, ಮತ್ತೆ ಒದೀತು ನೋಡು!"

ದೊನಾತೊ ಮೆಟ್ಟಿಲ ಮೇಲೆ ಕುಸಿದು ಕೂತು, ನಾಚಿಕೆ ಬಿಟ್ಟು ಅತ್ತ. ಜೀವ ಮರಳಿ ಬಂದಿತ್ತು. ಬುದ್ಧಿಯೂ ಹಿಂದೆಯೇ ಬಂತು.

"ನೋಡಿದ್ರಾ ಅತ್ತೆ? ತೂಕ ಬಿತ್ತು, ಯಂತ್ರ ಕೂಗ್ತು. ನಾನು ಕೂಗಿದೆ, ಮಗು ಒದೀತು. ಎಲ್ಲಾ ವಿಜ್ಞಾನ! ದೆವ್ವವೂ ಇಲ್ಲ, ಭೂತವೂ ಇಲ್ಲ."

"ಸರಿ ಬಿಡಿ. ಈ ಉಪ್ಪು ಅಡುಗೆಗಾದ್ರೂ ಆಗುತ್ತೆ" ಎಂದು ಅತ್ತೆ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ಹೊರಟರು.

ಅವರು ಹೊಸ್ತಿಲು ದಾಟಿರಲಿಲ್ಲ, ದೊನಾತೊನ ಜೇಬು ಕಿರುಚಿತು.

"ಮಗು ಕಾರಿನಲ್ಲೇ ಇದೆ!"

ಮೂವರೂ ಕಾರಿನ ಕಡೆ ನೋಡಿದರು. ದೊನಾತೊ ಮೆಲ್ಲಗೆ ಎದ್ದು, ಅತ್ತೆಯ ಕಂಕುಳಿಂದ ಚೀಲ ತೆಗೆದುಕೊಂಡು, ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದ.

"ಅತ್ತೆ," ಎಂದ ಸಣ್ಣ ದನಿಯಲ್ಲಿ, "ಮನೇಲಿ ಇನ್ನೂ ಸ್ವಲ್ಪ ಉಪ್ಪು ಇದ್ಯಾ?"