ತಾಮ್ರದ ಕೊಡ, ಪಾರ್ವತವ್ವನ ಕಂಬಳಿ

ಗುಡ್ನಾಪುರದ ಶಾಲೆಯಲ್ಲಿ ನೀರಿನ ಮೂರು ಸ್ಥಿತಿಗಳ ಪೈಕಿ ಎರಡಕ್ಕೆ ಬರವಿರಲಿಲ್ಲ. ದ್ರವ ಕೆರೆಯ ತುಂಬ ಇತ್ತು. ಆವಿ ಚಹದ ಕಿಟ್ಲಿಯಿಂದ ದಿನಕ್ಕೆ ನಾಲ್ಕು ಸಲ ಏಳುತ್ತಿತ್ತು. ತಕರಾರು ಇದ್ದದ್ದು ಘನದ್ದೇ, ಅಂದರೆ ಮಂಜುಗಡ್ಡೆಯದ್ದೇ. ಅದನ್ನು ಮಕ್ಕಳಿರಲಿ, ಹನ್ನೆರಡು ವರ್ಷದಿಂದ ಕಲಿಸುತ್ತಿದ್ದ ಶಿವಪುತ್ರಪ್ಪ ಮಾಸ್ತರರೇ ಮುಟ್ಟಿ ನೋಡಿರಲಿಲ್ಲ.

ಹಿಂದಿನ ವರ್ಷ, ಅಂದರೆ ಅರವತ್ತೊಂದರಲ್ಲಿ, ತಪಾಸಣೆಗೆ ಬಂದ ಸಾಹೇಬರು ಶೆರಾ ಪುಸ್ತಕದಲ್ಲಿ ತಮ್ಮ ಅಭಿಪ್ರಾಯವೆಂದು ಒಂದೇ ಸಾಲು ಬರೆದು ಹೋಗಿದ್ದರು: 'ಎಲ್ಲವೂ ಬಾಯಿಪಾಠ, ಕಣ್ಣಾರೆ ಕಂಡದ್ದು ಏನೂ ಇಲ್ಲ.' ಆ ಸಾಲು ಶಿರಸಿಗೆ ವರ್ಗ ಕೇಳಿ ಮಾಸ್ತರರು ಹಾಕಿದ್ದ ಅರ್ಜಿಯ ಮೇಲೆ ಬೀಸುವ ಕಲ್ಲಿನಂತೆ ಕೂತಿತ್ತು. ಹೆಂಡತಿ ಗಿರಿಜವ್ವ ಎರಡು ಮಕ್ಕಳನ್ನು ಕಟ್ಟಿಕೊಂಡು ಶಿರಸಿಯಲ್ಲಿ. ಇವರು ಇಲ್ಲಿ ಒಬ್ಬರೇ, ಅನ್ನ ಸೀಯಿಸಿಕೊಂಡು. "ಈ ಸಲ ಛಲೋ ಶೆರಾ ಬೀಳಲಿಲ್ಲಂದ್ರ ರವಿವಾರ ಬರೂದೂ ಬ್ಯಾಡ್ರಿ," ಎಂದು ಆಕೆ ಹೇಳಿ ಕಳಿಸಿದ್ದಳು.

ಅದಕ್ಕೇ ಈ ಸಲ ಮಾಸ್ತರರು ಹುಬ್ಬಳ್ಳಿಗೆ ಲಾರಿ ಹೊಡೆಯುವ ಸುಭಾನನ ಕಾಲು ಹಿಡಿದಿದ್ದರು. ತಪಾಸಣೆಯ ದಿನ ಬೆಳಗ್ಗೆ ಏಳಕ್ಕೆ ಲಾರಿ ಶಾಲೆಯ ಮುಂದೆ ಕೆಮ್ಮಿ ನಿಂತಿತು. ಸುಭಾನ ಒದ್ದೆ ಗೋಣಿಚೀಲವೊಂದನ್ನು ಬಾಣಂತಿಯ ಕೂಸಿನಂತೆ ಎತ್ತಿಕೊಂಡು ಇಳಿದ.

"ತಗೋರಿ ಮಾಸ್ತರ್, ನಿಮ್ಮ ಬರ್ಫು. ಹೊರಡೋವಾಗ ಟ್ರಂಕಿನಷ್ಟಿತ್ತು, ಈಗ ಕುಂಬಳಕಾಯಿಯಷ್ಟೈತಿ. ಮರದ ಪುಡಿಯೊಳಗಿಂದ ಮಾತ್ರ ತೆಗೀಬ್ಯಾಡ್ರಿ!"

ಸುದ್ದಿ ಲಾರಿಗಿಂತ ಜೋರಾಗಿ ಊರೊಳಗೆ ಓಡಿತು. ಶಾಲಾ ಕಮಿಟಿಯ ಚೇರ್ಮನ್ನು ದ್ಯಾಮಪ್ಪ ಬಂದವನೇ ಚೀಲದೊಳಗೆ ಕೈ ಹಾಕಿ, "ಅಯ್ಯಯ್ಯೋ, ಸುಟ್ಟಿತೋ!" ಎಂದು ಹಾರಿದ. ಹಾರಿದವನು ಮತ್ತೆ ಮೂರು ಸಲ ಮುಟ್ಟಿದ. ಅವನ ಹಿಂದೆ ಊರೇ ಸಾಲು ನಿಂತು ಮುಟ್ಟಿತು.

ಶಾಲೆಯ ಪಕ್ಕದ ಮನೆಯ ಪಾರ್ವತವ್ವ ಒಬ್ಬಳೇ ಮುಟ್ಟಲಿಲ್ಲ. ಒಳಗೆ ಹೋಗಿ ಕರಿಕಂಬಳಿ ತಂದು ಚೀಲದ ಮೇಲೆ ಹೊದಿಸಿದಳು.

"ಏನ್ ಮಾಡಾಕ್ಹತ್ತೀಬೇ ಯವ್ವಾ!" ಮಾಸ್ತರರು ಕಂಬಳಿ ಕಿತ್ತೆಸೆದರು. "ಕಂಬಳಿ ಅಂದ್ರ ಬಿಸಿ. ಬರ್ಫು ಬೆವತು ಹರದು ಹೋಗ್ತೈತಿ!"

"ಬಿಸಿ ಆಗಿದ್ರ ನಮ್ಮ ಕುರಿ ಕಾಯೋರು ಸುಡುಸುಡು ಬಿಸಿಲಾಗ ಕಂಬಳಿ ಯಾಕ ಹೊದೀತಾರೋ ತಮ್ಮಾ?"

"ಅದು ಕುರಿಯವರ ಶಾಸ್ತ್ರ. ಇದು ವಿಜ್ಞಾನ."

ವಿಜ್ಞಾನ ಅಂದ ಮೇಲೆ ಮುದುಕಿ ಕಂಬಳಿ ಎತ್ತಿಕೊಂಡು ಧೂಳು ಕೊಡವಿದಳು. "ಹೋಗ್ಲಿ, ಹಲ್ಲು ನೋಯಾಕ್ಹತ್ತೈತಿ, ಒಂದು ತುಣುಕು ಕೊಡು," ಎಂದಳು. ಪೀಡೆ ತೊಲಗಲಿ ಎಂದು ಮಾಸ್ತರರು ಸುತ್ತಿಗೆಯಿಂದ ತೆಂಗಿನಕಾಯಿಯಷ್ಟು ಒಡೆದು ಕೊಟ್ಟರು. ಆಕೆ ಅದನ್ನು ಕಂಬಳಿಯಲ್ಲೇ ಸುತ್ತಿಕೊಂಡು ಮನೆಗೆ ಹೋದಳು.

ಆಮೇಲೆ ಮಾಸ್ತರರಿಗೆ ಚೀಲವೂ ಬಿಸಿ ಅನ್ನಿಸಿತು, ಮರದ ಪುಡಿಯೂ ಬಿಸಿ ಅನ್ನಿಸಿತು. ಶಾಲೆಯಲ್ಲೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಎಲ್ಲಕ್ಕಿಂತ ತಣ್ಣಗಿದ್ದದ್ದು ತಾಮ್ರದ ಕೊಡ. ಬರ್ಫು ಕೊಡದ ಬಾಯಿಗೆ ಹಿಡಿಸಲಿಲ್ಲ; ಕುಟ್ಟಿ ಚೂರು ಮಾಡಿ ತುಂಬಿದರು. ಗಾಳಿ ಆಡಲೆಂದು ಜಗುಲಿಯ ಮೇಲಿಟ್ಟರು. ಒಳಗೆ ಮಕ್ಕಳು ರಾಗವಾಗಿ ಒಪ್ಪಿಸುತ್ತಿದ್ದರು: "ತಾಮ್ರವು ಉತ್ತಮ ಉಷ್ಣವಾಹಕ! ಉಣ್ಣೆಯು ಮಂದವಾಹಕ!" ರಾಗ ಚೆನ್ನಾಗಿತ್ತು. ಮಾಸ್ತರರು ತಲೆದೂಗಿದರು.

ಹತ್ತಕ್ಕೆ ಬರಬೇಕಿದ್ದ ಸಾಹೇಬರ ಜೀಪು ಬನವಾಸಿಯ ಹತ್ತಿರ ಪಂಕ್ಚರಾಗಿ, ಅವರು ಬಂದಾಗ ಮಧ್ಯಾಹ್ನ ಒಂದು ಗಂಟೆ. ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು, ಹಲಗೆಯ ಮೇಲೆ ಬರೆದಿದ್ದ 'ನೀರಿನ ಮೂರು ಸ್ಥಿತಿಗಳು' ಓದಿ ಕೇಳಿದರು: "ಎಲ್ರೀ, ನೀರಿನ ಘನಸ್ಥಿತಿ?"

ಮಾಸ್ತರರು ಹೆಮ್ಮೆಯಿಂದ ಕೊಡದೊಳಗೆ ಕೈ ಇಳಿಸಿದರು. ಮೊಣಕೈತನಕ ಇಳಿಸಿದರು. ತಡಕಾಡಿದರು. ಕೈ ಹೊರಬಂದಾಗ ಬೆರಳಿಗೆ ಅಂಟಿದ್ದದ್ದು ಒಂದಿಷ್ಟು ಮರದ ಪುಡಿ.

"ಇದು ದ್ರವ," ಎಂದರು ಸಾಹೇಬರು, ಶೆರಾ ಪುಸ್ತಕಕ್ಕೆ ಕೈ ಚಾಚುತ್ತ.

ಮಾಸ್ತರರ ಕಣ್ಣ ಮುಂದೆ ಶಿರಸಿಯ ಮನೆಯ ಬಾಗಿಲು ಮುಚ್ಚಿಕೊಂಡಿತು. ಅಷ್ಟರಲ್ಲಿ ಹೊರಗಿನ ಬಾಗಿಲಲ್ಲಿ ಪಾರ್ವತವ್ವ ಕಾಣಿಸಿದಳು, ಕಂಕುಳಲ್ಲಿ ಕಂಬಳಿಯ ಗಂಟು.

"ತಗೋಳೋ ತಮ್ಮಾ ನಿನ್ನ ಕಲ್ಲು. ಹಲ್ಲಿಗಿಟ್ರ ಜೀವ ಝಲ್ಲಂತು. ಹಂಗ ಸುತ್ತಿಟ್ಟಿದ್ದೆ."

ಗಂಟು ಬಿಚ್ಚಿದರೆ, ಕರಿ ಕಂಬಳಿಯ ನಡುವೆ ಲಿಂಬೆಹಣ್ಣಿನಷ್ಟು ಬರ್ಫು, ಮಿಣಮಿಣ ಹೊಳೆಯುತ್ತ. ಮಕ್ಕಳು ಬೆಂಚು ಹತ್ತಿ ನಿಂತರು. ಅದು ಕೈಯಿಂದ ಕೈಗೆ ಹೋಗಿ ಕೊನೆಯ ಸಾಲು ಮುಟ್ಟುವುದರೊಳಗೆ ನೀರಾಯಿತು. ಕಿಟ್ಲಿ ಕೂಡ ಅದೇ ವೇಳೆಗೆ ಹಬೆಯಾಡಿತು. ಅಲ್ಲಿದ್ದ ಮಕ್ಕಳಿಗೆ ಇವತ್ತಿಗೂ ಘನ ಅಂದರೆ ನೆನಪಾಗುವುದು ಕಂಬಳಿಯ ವಾಸನೆ.

ಸಾಹೇಬರು ಬೆರಗಾದರು. "ಮಂದವಾಹಕದ ಪ್ರಯೋಗ! ತಾಮ್ರದಲ್ಲಿ ಕರಗಿತು, ಉಣ್ಣೆಯಲ್ಲಿ ಉಳಿಯಿತು. ಬೇಕಂತಲೇ ಎರಡೂ ಕಡೆ ಇಟ್ಟಿದ್ರೇನ್ರಿ? ಈ ಅಜ್ಜಿಗೆ ಇದನ್ನ ಕಲಿಸಿದವರು ಯಾರು?"

ಮಾಸ್ತರರು ಬಾಯಿ ತೆರೆಯುವ ಮೊದಲೇ, ಉಪಕಾರ ಮಾಡುವ ಹುರುಪಿನಲ್ಲಿ ದ್ಯಾಮಪ್ಪ ಮುಂದೆ ಬಂದ. "ಮತ್ಯಾರ್ರೀ ಸಾಹೇಬ್ರ, ನಮ್ಮ ಮಾಸ್ತರು! ಇವರು ಬಂದ ಮ್ಯಾಲ ನಮ್ಮೂರ ಮುದುಕ್ಯಾರೂ ಶಾಣ್ಯಾ ಆಗ್ಯಾರ ನೋಡ್ರಿ!"

ಪಾರ್ವತವ್ವ ಮಾಸ್ತರರ ಬಾಡಿದ ಮುಖವನ್ನೊಮ್ಮೆ ನೋಡಿದಳು. "ಹೂನ್ರಿ," ಎಂದಳು. "ಎಲ್ಲಾ ಇಂವನ ಹೇಳಿಕೊಟ್ಟಾನ."

ಸಾಹೇಬರು ಈ ಸಲ ಪುಟ ತುಂಬ ಬರೆದು, ಕೈ ಕುಲುಕಿ ಹೋದರು. ಜೀಪಿನ ಧೂಳು ಅಡಗುವ ಮೊದಲೇ ಮಾಸ್ತರರು ಪುಸ್ತಕ ತೆರೆದರು. 'ಅತ್ಯುತ್ತಮ. ವಿಜ್ಞಾನ ಇಲ್ಲಿ ಅನಕ್ಷರಸ್ಥ ವೃದ್ಧೆಯವರೆಗೂ ತಲುಪಿದೆ.' ಮಾಸ್ತರರ ಎದೆ ಉಬ್ಬಿತು. ಕೆಳಗೆ ಕೊನೆಯ ಸಾಲಿತ್ತು: 'ಇಂಥ ಶಿಕ್ಷಕರನ್ನು ಕದಲಿಸಿದರೆ ಊರಿಗೆ ನಷ್ಟ. ವರ್ಗದ ಅರ್ಜಿ ನಾಮಂಜೂರು.'

ಮಾಸ್ತರರು ಜಗುಲಿಯ ಮೇಲೆ ಕುಸಿದು ಕೂತರು. ಆಮೇಲೆ ಕೊಡ ಬಗ್ಗಿಸಿ ಮುಖ ತೊಳೆದುಕೊಂಡರು. ನೀರು ಇನ್ನೂ ತಣ್ಣಗಿತ್ತು.

"ಯಾಕೋ ತಮ್ಮಾ, ನಡುಗಾಕ್ಹತ್ತೀಯಲ್ಲ," ಎಂದಳು ಪಾರ್ವತವ್ವ. "ಕಂಬಳಿ ಕೊಡ್ಲೇನು?"