ಮುಂದಿನ ಮಂಗಳವಾರ ಎಂದರೆ ಯಾವುದು?

ದಿನಾಂಕದ ವಿಷಯದಲ್ಲಿ ನಾನು ಯಾರನ್ನೂ ನಂಬುವವನಲ್ಲ. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರು ಓದುವ ಮೊದಲೇ ಅಚ್ಚಾದ ತಾರೀಖಿಗೂ ವಾರಕ್ಕೂ ಹೊಂದಾಣಿಕೆ ಇದೆಯೇ ಎಂದು ಪಂಚಾಂಗ ತೆರೆಯುತ್ತೇನೆ. ನಿವೃತ್ತಿಯ ನಂತರ ಈ ಚಟ ಇನ್ನಷ್ಟು ಬಲಿತಿದೆ. "ನಿಮ್ಮನ್ನ ಕಂಡ್ರೆ ಕುವೆಂಪುನಗರದಲ್ಲಿ ಕ್ಯಾಲೆಂಡರ್ ಮಾರೋರೂ ದಾರಿ ಬದಲಾಯಿಸ್ತಾರೆ ಕಣ್ರೀ" ಎಂಬುದು ನನ್ನ ಹೆಂಡತಿಯ ಷರಾ.

ಈ ಖ್ಯಾತಿಯನ್ನು ನಂಬಿಯೇ ನನ್ನ ಕೊನೆಯ ಸಂಶೋಧನಾ ವಿದ್ಯಾರ್ಥಿನಿ ಶಿಲ್ಪಾ, ತನ್ನ ಪ್ರಾತ್ಯಕ್ಷಿಕೆಗೆ ಟೆಸ್ಟ್‌ಬೆಡ್ ಕಾದಿರಿಸುವ ಹೊಣೆಯನ್ನು ನನಗೆ ವಹಿಸಿದಳು. ಟೆಸ್ಟ್‌ಬೆಡ್ ಎಂದರೆ ಹಲವು ಕಾಲೇಜುಗಳು ಸರದಿಯಂತೆ ಬಳಸುವ ಕಂಪ್ಯೂಟರುಗಳ ಸಮೂಹ. ವಠಾರದ ನಲ್ಲಿಯ ಹಾಗೆ, ಸರದಿ ತಪ್ಪಿದರೆ ಬಿಂದಿಗೆ ಖಾಲಿ. ಒಂದು ದಾರಿ ಮುಚ್ಚಿದರೆ ಮಾಹಿತಿ ತಾನಾಗಿಯೇ ಇನ್ನೊಂದು ದಾರಿ ಹುಡುಕಿಕೊಳ್ಳುವಂಥ ಜಾಲವನ್ನು ಅವಳು ರೂಪಿಸಿದ್ದಳು. ಪರೀಕ್ಷಕರು ಅದನ್ನು ಕಣ್ಣಾರೆ ಕಂಡರಷ್ಟೇ ಪದವಿ. "ಮುಂದಿನ ಮಂಗಳವಾರ ಸರ್" ಎಂದು ಒಂದು ಶುಕ್ರವಾರ ತಿಳಿಸಿದಳು.

ನಾನು ಅರ್ಥವಿಚಾರಕ್ಕೆ ಇಳಿದೆ. ಮೊದಲು ಬರುವುದು 'ಬರುವ ಮಂಗಳವಾರ'. ಅದರ ಮುಂದಿನದೇ 'ಮುಂದಿನ ಮಂಗಳವಾರ'. ಆ ತಾರೀಖನ್ನು ಪಂಚಾಂಗ, ಗೋಡೆಯ ಕ್ಯಾಲೆಂಡರು, ಮೊಬೈಲು ಎಲ್ಲದರಲ್ಲೂ ತಾಳೆ ನೋಡಿ ಕಾದಿರಿಸಿದೆ. ಕೇಳದೆ ಬಿಟ್ಟಿದ್ದು ಶಿಲ್ಪಾಳನ್ನು ಮಾತ್ರ.

ಪರೀಕ್ಷಕರು ಬಂದದ್ದು ಮಾತ್ರ 'ಬರುವ ಮಂಗಳವಾರ'ವೇ. ಪರದೆಯ ಮೇಲೆ, ಇದು ಬೇರೆಯವರ ಸರದಿ ಎಂಬ ಸೂಚನೆ. "ಏನ್ಮಾಡ್ಬುಟ್ರಿ ಸರ್!" ಎಂದಳು ಶಿಲ್ಪಾ. ನಾನು ಪದಗಳ ಅರ್ಥಭೇದವನ್ನು ವಿವರಿಸತೊಡಗಿದೆ. "ವ್ಯಾಕರಣ ಆಮೇಲೆ ಸರ್" ಎಂದವಳೇ, ಅಂದಿನ ಸರದಿಯಿದ್ದ ಮೇಟಗಳ್ಳಿ ಕಡೆಯ ಕಾಲೇಜಿನ ಅಧ್ಯಾಪಕರಿಗೆ ಫೋನು ಮಾಡಿದಳು. "ತಗೊಳಮ್ಮ, ನಮ್ದಿನ್ನೂ ಶುರುವೇ ಆಗಿಲ್ಲ. ನಿಮ್ಮ ಸರದೀನ ನಮಗೆ ಬುಟ್ಕೊಡಿ, ಸಾಕು" ಎಂದರು ಆ ಪುಣ್ಯಾತ್ಮರು.

ಶಿಲ್ಪಾ ಪರೀಕ್ಷಕರೆದುರೇ ಜಾಲದ ಒಂದು ಕೊಂಡಿಯನ್ನು ಕಡಿದಳು. ಮಾಹಿತಿ ಬಳಸುದಾರಿ ಹಿಡಿದು ಗುರಿ ಮುಟ್ಟಿತು. ಹಿರಿಯ ಪರೀಕ್ಷಕರು ತಲೆದೂಗಿ, "ಎಲ್ಲಾ ಅಡಚಣೆಗೂ ಇದ್ರಲ್ಲಿ ಪರಿಹಾರ ಇದ್ಯೇನಮ್ಮ?" ಎಂದರು. "ಯಂತ್ರದ ಅಡಚಣೆಗೆಲ್ಲ ಇದೆ ಸರ್. ಮಾರ್ಗದರ್ಶಕರದ್ದಕ್ಕೆ ಇನ್ನೂ ಸಂಶೋಧನೆ ಆಗ್ಬೇಕು" ಎಂದಳು, ನನ್ನತ್ತ ನೋಡದೆ.

ಪದವಿ ಖಚಿತವಾದ ಸಂತೋಷಕ್ಕೆ, "ಮುಂದಿನ ಭಾನುವಾರ ನಮ್ಮನೇಲಿ ಊಟ ಸರ್" ಎಂದು ಕರೆದಳು. ಬುದ್ಧಿ ಕಲಿತಿದ್ದ ನಾನು 'ಬರುವ ಭಾನುವಾರ'ವೇ ನಜರ್‌ಬಾದಿನ ಅವಳ ಮನೆಗೆ ಹೋದೆ. ಬೀಗ! ಫೋನು ಮಾಡಿದರೆ, "ಅಯ್ಯೋ ಸರ್, ಮುಂದಿನದು ಅಂದ್ರೆ ಅದರ ಮುಂದಿನದು ಅಂತ ನೀವೇ ಹೇಳಿದ್ರಲ್ಲ! ನಿಮಗೋಸ್ಕರ ಹಂಗೇ ಲೆಕ್ಕ ಹಾಕ್ದೆ!"

ಹಸಿದು ಮನೆಗೆ ಮರಳಿದೆ. ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದ ಹೆಂಡತಿ ಕೇಳಿದಳು: "ಊಟ ಈ ಹೊತ್ತಿಗೋ, ಮುಂದಿನ ಹೊತ್ತಿಗೋ?"